ಬಿಸಿ ಸಿಲಿಂಡರಿನ ಸುಳ್ಳು ಲೆಕ್ಕ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಬಯಲುಸೀಮೆಗೆ ಸಮುದ್ರ ದೂರವೇ. ಆದರೆ ಹುಬ್ಬಳ್ಳಿ, ಯಲ್ಲಾಪುರಗಳನ್ನು ದಾಟಿ, ಘಟ್ಟ ಇಳಿದು ಮುರ್ಡೇಶ್ವರಕ್ಕೆ ಹೋದವರಿಗೆ, ಅಲ್ಲಿಂದ ಸುಮಾರು 19 ಕಿಲೋಮೀಟರ್ ಸಮುದ್ರದೊಳಗಿರುವ ನೇತ್ರಾಣಿ ದ್ವೀಪದ ಸುತ್ತ ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ನೀರಿಗಿಳಿಯುವ ಸ್ಕೂಬಾ ಡೈವಿಂಗಿನ ಅವಕಾಶವುಂಟು. ಆ ಸಿಲಿಂಡರಿನಲ್ಲಿ ಇರುವುದು ಆಸ್ಪತ್ರೆಗೂ ವೆಲ್ಡಿಂಗ್ ಅಂಗಡಿಗೂ ಬರುವಂಥ ಶುದ್ಧ ಆಮ್ಲಜನಕವೆಂದು ಅನೇಕರು ತಿಳಿದಿರುವುದು ಸರಿಯಲ್ಲ. ಮೊದಲ ಬಾರಿಗೆ ಮುಳುಗುವ ಪ್ರವಾಸಿಗರ ಬೆನ್ನಿಗಿರುವುದು ಕಂಪ್ರೆಸರಿನಿಂದ ಸೋಸಿ, ಒಣಗಿಸಿ, ಸುಮಾರು 200 ಬಾರ್ ಒತ್ತಡಕ್ಕೆ ತುಂಬಿದ ಸಾಮಾನ್ಯ ಗಾಳಿ. ಬಾರ್ ಎಂದರೆ ಸಮುದ್ರಮಟ್ಟದಲ್ಲಿ ನಮ್ಮ ಸುತ್ತಲಿನ ವಾಯುವಿಗೆ ಇರುವ ಒತ್ತಡದಷ್ಟು.

ಸಾಮಾನ್ಯ ಗಾಳಿಯಲ್ಲಿ ಆಮ್ಲಜನಕ ಶೇ. 20.9ರಷ್ಟು, ಸಾರಜನಕ ಶೇ. 78ರಷ್ಟು ಇರುತ್ತದೆ. ಆಳದಲ್ಲಿ ಉಸಿರಾಡುವಾಗ ಸಾರಜನಕ ರಕ್ತ ಮಾಂಸಗಳಲ್ಲಿ ಕರಗಿ, ಅವಸರದಲ್ಲಿ ಮೇಲೇರಿದರೆ ಗುಳ್ಳೆಗಳಾಗಿ ಕಾಡುವುದರಿಂದ, ತರಬೇತಿ ಪಡೆದ ಮುಳುಗುಗಾರರು ಆಮ್ಲಜನಕವನ್ನು ಶೇ. 32ಕ್ಕೋ 36ಕ್ಕೋ ಏರಿಸಿದ ನೈಟ್ರಾಕ್ಸ್ ಎಂಬ ಮಿಶ್ರಣವನ್ನು ಬಳಸುತ್ತಾರೆ. ಆದರೆ ಒತ್ತಡ ಹೆಚ್ಚಿದಾಗ ಆಮ್ಲಜನಕವೇ ವಿಷವಾಗುತ್ತದೆಂಬುದನ್ನು ಫ್ರಾನ್ಸಿನ ಪಾಲ್ ಬೆರ್ 1878ರಲ್ಲೇ ವಿವರಿಸಿದ್ದ. ಮಿಶ್ರಣದ ಒಟ್ಟು ಒತ್ತಡದಲ್ಲಿ ಒಂದು ಅನಿಲದ ಪಾಲಿಗೆ ಬರುವ ಭಾಗವನ್ನು ಆಂಶಿಕ ಒತ್ತಡ ಎನ್ನುತ್ತಾರೆ. ಆಮ್ಲಜನಕದ ಆಂಶಿಕ ಒತ್ತಡ 1.4 ಬಾರ್ ದಾಟಬಾರದೆಂಬುದು ಮುಳುಗುಗಾರರು ಸಾಮಾನ್ಯವಾಗಿ ಪಾಲಿಸುವ ಮಿತಿ. ಅದನ್ನು ಮೀರಿ ನೀರಿನಡಿಯಲ್ಲಿ ಫಿಟ್ಸ್‌ನಂಥ ಮೈಸೆಳೆತ ಬಂದು ಬಾಯಿಯಿಂದ ಉಸಿರಾಟದ ನಳಿಕೆ ಕಳಚಿದರೆ ಮುಳುಗಿ ಸಾಯುವುದೇ ಉಳಿಯುತ್ತದೆ. ಆದ್ದರಿಂದ ಶೇ. 32ರ ಮಿಶ್ರಣದೊಡನೆ ಸುಮಾರು 33 ಮೀಟರಿಗಿಂತ ಕೆಳಗೆ ಇಳಿಯುವಂತಿಲ್ಲ, ಮತ್ತು ಸಿಲಿಂಡರಿನಲ್ಲಿ ನಿಜವಾಗಿ ಎಷ್ಟು ಪಾಲು ಆಮ್ಲಜನಕವಿದೆ ಎಂಬುದು ಜೀವದ ಪ್ರಶ್ನೆ.

ಈ ಪಾಲನ್ನು ಕೂಡಿಸುವ ಹಳೆಯ, ಸರಳ ವಿಧಾನವೆಂದರೆ ಖಾಲಿ ಸಿಲಿಂಡರಿಗೆ ಮೊದಲು ಆಮ್ಲಜನಕವನ್ನು, ಅದರ ಮೇಲೆ ಗಾಳಿಯನ್ನು ಒತ್ತಡಮಾಪಕ ನೋಡಿಕೊಂಡು ತುಂಬುವುದು. ಶೇ. 32ರ ಮಿಶ್ರಣ 200 ಬಾರ್ ಬೇಕಾದರೆ ಮೊದಲು 28 ಬಾರ್ ಆಮ್ಲಜನಕ, ಉಳಿದದ್ದು ಗಾಳಿ. ಲೆಕ್ಕವೇನೋ ಸುಲಭ, ತೊಡಕು ಇರುವುದು ಮಾಪಕದಲ್ಲಿ. ಅದು ಒಳಗಿರುವ ಅನಿಲದ ಅಣುಗಳನ್ನು ಎಣಿಸುವುದಿಲ್ಲ, ಅವು ಗೋಡೆಗೆ ಬಡಿಯುವ ರಭಸವನ್ನಷ್ಟೇ ತೋರಿಸುತ್ತದೆ, ಆ ರಭಸ ಉಷ್ಣಾಂಶದೊಡನೆ ಏರಿಳಿಯುತ್ತದೆ. ಹೊರಗಿನಿಂದ ನುಗ್ಗುವ ಅನಿಲ ಒಳಗಿರುವುದನ್ನು ಒತ್ತಿ ಅಡಕಗೊಳಿಸುವುದರಿಂದ ತುಂಬುವಾಗ ಸಿಲಿಂಡರ್ ಬಿಸಿಯಾಗುತ್ತದೆ. ಬೇಗ ತುಂಬಿದಷ್ಟೂ ಬಿಸಿ ಹೆಚ್ಚು.

ಇದನ್ನು ಲೆಕ್ಕಕ್ಕೆ ತರಲು ಸೆಲ್ಸಿಯಸ್ ಉಷ್ಣಾಂಶಕ್ಕೆ 273 ಕೂಡಿಸಿ ನಿರಪೇಕ್ಷ ಉಷ್ಣಾಂಶವನ್ನು ಪಡೆಯಬೇಕು, ಏಕೆಂದರೆ ಮುಚ್ಚಿದ ಪಾತ್ರೆಯಲ್ಲಿ ಅನಿಲದ ಒತ್ತಡ ಆ ಸಂಖ್ಯೆಗೆ ಅನುಗುಣವಾಗಿ ಬದಲಾಗುತ್ತದೆ. ಸಿಲಿಂಡರ್ 30 ಡಿಗ್ರಿಯಲ್ಲಿ ತಣ್ಣಗಿದ್ದಾಗ 28 ಬಾರ್ ಆಮ್ಲಜನಕ ತುಂಬಿ, ಬಳಿಕ ಗಾಳಿಯನ್ನು ಅವಸರವಾಗಿ ತುಂಬಿದ್ದರಿಂದ ಒಳಗಿನ ಉಷ್ಣಾಂಶ 50 ಡಿಗ್ರಿಗೆ ಏರಿದ್ದಾಗ ಮುಳ್ಳು 200 ತೋರಿಸಿತೆನ್ನೋಣ. ಅದು ಮತ್ತೆ 30 ಡಿಗ್ರಿಗೆ ಇಳಿದಾಗ ಉಳಿಯುವುದು 188 ಬಾರಿನಷ್ಟು, ಆಮ್ಲಜನಕದ ಪಾಲು ಶೇ. 32.7. ಗಾಳಿ ಕಡಿಮೆ ಬಿದ್ದು ಮಿಶ್ರಣದಲ್ಲಿ ಆಮ್ಲಜನಕದ ಪಾಲು ಹೆಚ್ಚಾಗಿದೆ, ಅಪಾಯದ ಆಳ ಸುಮಾರು ಒಂದು ಮೀಟರ್ ಮೇಲಕ್ಕೆ ಬಂದಿದೆ. ತಿರುಗಾಮುರುಗಾ, ಆಮ್ಲಜನಕವನ್ನು ಬಿಸಿಯಲ್ಲಿ ಅಳೆದು ಗಾಳಿಯನ್ನು ತಣ್ಣಗಿದ್ದಾಗ ಅಳೆದರೆ ಪಾಲು ಶೇ. 31.3ರ ಸುತ್ತ ನಿಲ್ಲುತ್ತದೆ. ಇದರಲ್ಲಿ ಸಾರಜನಕ ಹೆಚ್ಚು, ಆಮ್ಲಜನಕದ ಅಪಾಯ ಕಡಿಮೆ. ಎರಡನ್ನೂ 50 ಡಿಗ್ರಿಯಲ್ಲೇ ಅಳೆದರೋ, ಒಟ್ಟು ಒತ್ತಡ ಕಡಿಮೆಯಾದರೂ ಪಾಲು ಶೇ. 32ರ ಆಸುಪಾಸಿನಲ್ಲೇ ಉಳಿಯುತ್ತದೆ. ಅಂದರೆ ದೋಷ ಬಿಸಿಯದ್ದಲ್ಲ, ಎರಡು ಅಳತೆಗಳ ನಡುವಿನ ಉಷ್ಣಾಂಶದ ಅಂತರದ್ದು; ಮಿಶ್ರಣಗಾರರು ಮುಖ್ಯವಾಗಿ ತಿಳಿಯಬೇಕಾದುದು ಇದೇ.

ಇದರ ಜೊತೆಗೆ ಇನ್ನೊಂದು ತಪ್ಪು ಕಲ್ಪನೆಯೂ ಹರಡಿದೆ. ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿಯ ಬಿಸಿಲಿಗೆ ಕಾಯುವ ಗದಗದಂಥ ಊರಿನಲ್ಲಿ ತುಂಬಿದ ಸಿಲಿಂಡರನ್ನು ಕಾರಿನಲ್ಲಿಟ್ಟರೆ ಮಿಶ್ರಣ ಕೆಡುತ್ತದೆಂಬ ಅಂಜಿಕೆಗೆ ಆಧಾರವಿಲ್ಲ, ಒಮ್ಮೆ ಕೂಡಿದ ಅನಿಲಗಳ ಪಾಲನ್ನು ಬಿಸಿ ಬದಲಿಸಲಾರದು. ಬದಲಾಗುವುದು ಒತ್ತಡ ಮಾತ್ರ: 27 ಡಿಗ್ರಿಯಲ್ಲಿ 200 ಬಾರ್ ಇದ್ದದ್ದು 60 ಡಿಗ್ರಿ ಕಾದ ಕಾರಿನೊಳಗೆ 222ರಷ್ಟಾಗುತ್ತದೆ. ಸಿಎನ್‌ಜಿ ಆಟೋ ಚಾಲಕರು ಸಹ ಗ್ಯಾಸ್ ತುಂಬಿಸಿಕೊಂಡ ಕೂಡಲೇ ಕಂಡ ಒತ್ತಡ ತಣ್ಣಗಾದ ಮೇಲೆ ಇಳಿಯುವುದನ್ನು ನೋಡಿರುತ್ತಾರೆ.

ತುಂಬುವಾಗಿನ ಅಳತೆಯ ದೋಷವನ್ನು ತಪ್ಪಿಸುವ ಬಗೆಗಳಲ್ಲಿ ತಾಳ್ಮೆಯೇ ಅಗ್ಗವಾದದ್ದು. ಆಮ್ಲಜನಕವನ್ನು ನಿಧಾನವಾಗಿ ಬಿಟ್ಟು, ಸಿಲಿಂಡರ್ ಸುತ್ತಲಿನ ಗಾಳಿಯಷ್ಟೇ ತಣ್ಣಗಾಗುವವರೆಗೆ ಕಾದು, ಆಮೇಲೆ ಅಳೆಯಬೇಕು. ನಿಧಾನಿಸುವುದರಲ್ಲಿ ಇನ್ನೊಂದು ಲಾಭವೂ ಇದೆ, ಏಕೆಂದರೆ ಶುದ್ಧ ಆಮ್ಲಜನಕ ರಭಸದಿಂದ ನುಗ್ಗಿದೆಡೆ ಗ್ರೀಸು ಎಣ್ಣೆಗಳ ಜಿಡ್ಡಿದ್ದರೆ ಬೆಂಕಿ ಹೊತ್ತಿಕೊಳ್ಳಬಹುದು. ಎರಡನೆಯದು ತೂಕ. 12 ಲೀಟರ್ ಸಿಲಿಂಡರಿಗೆ 28 ಬಾರ್ ಆಮ್ಲಜನಕವೆಂದರೆ ಸುಮಾರು 430 ಗ್ರಾಂ. ತಕ್ಕಡಿಗೆ ಬಿಸಿಯೂ ತಣ್ಣನೆಯೂ ಒಂದೇ ಆದ್ದರಿಂದ ಈ ವಿಧಾನವನ್ನು ಉತ್ತಮವೆನ್ನಬೇಕು, ನಂಬಿಕೆಯ ತಕ್ಕಡಿ ಬೇಕೆಂಬುದಷ್ಟೇ ಅದರ ಕೊರತೆ. ಹೀಲಿಯಂ ಕೂಡಿಸುವ ಮಿಶ್ರಣಗಳಲ್ಲಿ ಒತ್ತಡದ ಲೆಕ್ಕ ಇನ್ನಷ್ಟು ಜಾರುತ್ತದೆ, ಏಕೆಂದರೆ 200 ಬಾರಿನಲ್ಲಿ ಹೀಲಿಯಂ ಗಾಳಿಯಷ್ಟು ಅಡಕವಾಗುವುದಿಲ್ಲ.

ಹೇಗೆ ಕೂಡಿಸಿದರೂ ಕೊನೆಯ ಮಾತು ಆಮ್ಲಜನಕ ವಿಶ್ಲೇಷಕದ್ದು. ಆ ಉಪಕರಣವನ್ನು ಸುತ್ತಲಿನ ಗಾಳಿಗೆ ಹಿಡಿದು 20.9ಕ್ಕೆ ಹೊಂದಿಸುವುದು ವಾಡಿಕೆಯಾದರೂ, ಕರಾವಳಿಯ ತೇವ ಅಲ್ಲಿ ಅಡ್ಡ ಬರುತ್ತದೆ: 30 ಡಿಗ್ರಿಯಲ್ಲಿ ತೇವಾಂಶ ಶೇ. 80 ಇದ್ದರೆ ನೀರಾವಿಯೇ ಗಾಳಿಯ ಶೇ. 3ಕ್ಕೂ ಹೆಚ್ಚು ಜಾಗ ಹಿಡಿದು ಆಮ್ಲಜನಕವನ್ನು ಶೇ. 20.2ಕ್ಕೆ ಇಳಿಸಿರುತ್ತದೆ. ಹಾಗೆ ಹೊಂದಿಸಿದ ಉಪಕರಣ ಒಣ ಮಿಶ್ರಣದ ಶೇ. 32ನ್ನು 33ಕ್ಕಿಂತ ಹೆಚ್ಚೆಂದು ತೋರಿಸುತ್ತದೆ. ಆದಕಾರಣ ಅದನ್ನು ಒಣಗಾಳಿಯ ಸಿಲಿಂಡರಿನಿಂದಲೇ ಹೊಂದಿಸುವುದು ಲೇಸು. ಶೇ. 1ರಷ್ಟು ಹೆಚ್ಚುಕಡಿಮೆಯನ್ನು ರೂಢಿಯಲ್ಲಿ ಒಪ್ಪುತ್ತಾರೆ ನಿಜ. ಬಿಸಿಯ ತಪ್ಪು, ಮಾಪಕದ ತಪ್ಪು, ತೇವದ ತಪ್ಪು ಒಂದರ ಮೇಲೊಂದು ಬಿದ್ದರೆ ಆ ಅಂಚು ದಾಟಲು ಹೆಚ್ಚು ಹೊತ್ತು ಬೇಕಿಲ್ಲ. ಆದ್ದರಿಂದ ನೈಟ್ರಾಕ್ಸ್ ಹೊತ್ತು ನೀರಿಗಿಳಿಯುವ ಪ್ರತಿಯೊಬ್ಬರೂ, ತುಂಬಿಕೊಟ್ಟವರು ಎಷ್ಟೇ ಪರಿಚಿತರಾಗಿರಲಿ, ತಮ್ಮ ಸಿಲಿಂಡರನ್ನು ತಾವೇ ಅಳೆದು, ಬಂದ ಪಾಲನ್ನೂ ಇಳಿಯಬಹುದಾದ ಆಳವನ್ನೂ ಅದರ ಮೇಲೆ ಬರೆದುಕೊಂಡ ನಂತರವೇ ದೋಣಿ ಹತ್ತಬೇಕು.