ದುಂಡು ಕೂಸಿನ ಗುಟ್ಟು

ಮೈಸೂರಿನ ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಆಸ್ಪತ್ರೆ ಜನರ ಬಾಯಲ್ಲಿ ಮಿಷನ್ ಆಸ್ಪತ್ರೆ. 1934ರಿಂದ ಅಲ್ಲಿನ ಹೆರಿಗೆ ವಾರ್ಡಿನಲ್ಲಿ ಒಂದು ಶಿಸ್ತು ನಡೆದುಬಂದಿತ್ತು. ಕೂಸಿನ ತೂಕ, ಉದ್ದ, ತಲೆಯ ಸುತ್ತಳತೆ, ತಾಯಿಯ ತೂಕ, ಅವಳ ಸೊಂಟದೆಲುಬಿನ ಅಳತೆ ಎಲ್ಲವನ್ನೂ ಬರೆದಿಡುತ್ತಿದ್ದರು. ಬರೆದವರಿಗೆ ಅದು ನಿತ್ಯದ ಕೆಲಸ. ಯಾರೂ ಆ ಕಾಗದಗಳನ್ನು ರದ್ದಿಗೆ ಹಾಕದೆ ಉಳಿಸಿದ್ದು ದೊಡ್ಡ ಪುಣ್ಯ.

ಇಂಗ್ಲೆಂಡಿನ ಸೌತಾಂಪ್ಟನ್ನಿನಲ್ಲಿ ಡೇವಿಡ್ ಬಾರ್ಕರ್ ಇಂಥವೇ ಹಳೆಯ ದಾಖಲೆ ಹಿಡಿದು, ಕಡಿಮೆ ತೂಕದಲ್ಲಿ ಹುಟ್ಟಿದವರಿಗೆ ಮುಂದೆ ಹೃದ್ರೋಗ, ಸಕ್ಕರೆ ಕಾಯಿಲೆ ಹೆಚ್ಚು ಎಂದು ವಾದಿಸಿದ್ದರು. ಆ ಮಾತು ನಮ್ಮಲ್ಲೂ ನಿಲ್ಲುತ್ತದೆಯೇ ಎಂದು ನೋಡಲು ಅವರ ಸಹೋದ್ಯೋಗಿ ಕ್ಯಾರೊಲಿನ್ ಫಾಲ್ 1990ರ ದಶಕದಲ್ಲಿ ಮೈಸೂರಿಗೆ ಬಂದರು.

ಅಂಕಿಗಳಿದ್ದವು, ಜನರೆಲ್ಲಿ? ಆ ಕೂಸುಗಳಿಗೆ ಈಗ ನಲವತ್ತು, ಐವತ್ತು ದಾಟಿತ್ತು. ಕೆಲವರು ಊರು ಬಿಟ್ಟಿದ್ದರು, ಹೆಣ್ಣುಮಕ್ಕಳು ಮದುವೆಯಾಗಿ ಹೋಗಿದ್ದರು. ತಂಡ ಆಸ್ಪತ್ರೆಯ ಸುತ್ತಲ ಬೀದಿಗಳಲ್ಲಿ ಮನೆಮನೆ ಅಲೆಯಿತು. ಕೊನೆಗೂ 517 ಮಂದಿಯ ಹೃದಯ ಪರೀಕ್ಷೆಯ ಫಲ 1996ರಲ್ಲಿ ಹೊರಬಿತ್ತು. ಬಾರ್ಕರ್ ಮಾತೇ ನಿಜವಾಗಿತ್ತು.

ಸಕ್ಕರೆ ಕಾಯಿಲೆಯ ಲೆಕ್ಕ ಮಾತ್ರ ಅಡ್ಡ ತಿರುಗಿತು. 1998ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಾಯಿಲೆ ಹೆಚ್ಚು ಕಂಡದ್ದು ಬಡಕಲು ಕೂಸುಗಳಲ್ಲಲ್ಲ, ಉದ್ದ ಕಮ್ಮಿಯಿದ್ದು ಮೈ ದುಂಡಗಿದ್ದವರಲ್ಲಿ, ಅದೂ ತೂಕದ ತಾಯಂದಿರ ಮಕ್ಕಳಲ್ಲಿ. ಆ ತಾಯಂದಿರಿಗೆ ಬಸುರಿನಲ್ಲಿ ಸಕ್ಕರೆ ಏರಿತ್ತೇ? ಹಳೆಯ ದಾಖಲೆಯಲ್ಲಿ ಅದಕ್ಕೆ ಉತ್ತರವಿರಲಿಲ್ಲ.

ಉತ್ತರಕ್ಕಾಗಿ 1997-98ರಲ್ಲಿ ಅದೇ ಆಸ್ಪತ್ರೆಯಲ್ಲಿ 830 ಬಸುರಿಯರ ರಕ್ತ ಪರೀಕ್ಷಿಸಿದರು. ನೂರಕ್ಕೆ ಸುಮಾರು ಆರು ಮಂದಿಗೆ ಸಕ್ಕರೆ ಏರಿತ್ತು. ಆಮೇಲೆ ಮಕ್ಕಳ ಬೆನ್ನು ಹತ್ತಿದ ಕೆಲಸವನ್ನು ಡಾ. ಜಿ.ವಿ. ಕೃಷ್ಣವೇಣಿ ಮತ್ತು ಸಂಗಡಿಗರು ವರ್ಷಾನುಗಟ್ಟಲೆ ಬಿಡದೆ ನಡೆಸಿದರು. ಕೂಸಿನ ಹೆಗಲಮೂಳೆಯ ಕೆಳಗಿನ ಚರ್ಮವನ್ನು ಎರಡು ಬೆರಳಲ್ಲಿ ಮಡಿಸಿ ಹಿಡಿದು, ಕ್ಯಾಲಿಪರ್ ಕಚ್ಚಿಸಿ, ಮಿಲಿಮೀಟರ್ ಓದಬೇಕು. ಕೂಸು ಕೊಸರಾಡಿತೋ, ಮತ್ತೆ ಮೊದಲಿಂದ. ಮೈಸೂರಿನ ಕೂಸುಗಳು ಇಂಗ್ಲೆಂಡಿನವಕ್ಕಿಂತ ಹಗುರ, ಆದರೆ ಬೆನ್ನಿನ ಕೊಬ್ಬಿನಲ್ಲಿ ಹಿಂದೆ ಬಿದ್ದಿರಲಿಲ್ಲ! ಐದನೇ ವರ್ಷಕ್ಕೆ ಇನ್ನೊಂದು ಸುಳಿವು ಸಿಕ್ಕಿತು. ಬಸುರಿನಲ್ಲಿ ಸಕ್ಕರೆ ಇದ್ದ ತಾಯಂದಿರ ಹೆಣ್ಣುಮಕ್ಕಳಲ್ಲಿ ಆ ಮಡಿಕೆ ದಪ್ಪವಾಗಿತ್ತು, ರಕ್ತದಲ್ಲಿ ಇನ್ಸುಲಿನ್ ಕೂಡ ಹೆಚ್ಚಿತ್ತು.

ತಾಯಿಯ ಸಕ್ಕರೆ ಮಾಸು ದಾಟಿ ಕೂಸನ್ನು ಮುಟ್ಟುತ್ತದೆ, ಅವಳ ಇನ್ಸುಲಿನ್ ದಾಟುವುದಿಲ್ಲ. ಬಂದ ಸಕ್ಕರೆಯನ್ನು ಸಂಭಾಳಿಸಲು ಕೂಸು ತನ್ನದೇ ಇನ್ಸುಲಿನ್ ಸುರಿಸುತ್ತದೆ, ಹೆಚ್ಚಾದದ್ದು ಕೊಬ್ಬಾಗಿ ಕೂರುತ್ತದೆ. ಮುಂದೆ ಮೈ ಇನ್ಸುಲಿನ್ನಿನ ಮಾತು ಕೇಳದಾದಷ್ಟೂ ಅದು ಇನ್ನಷ್ಟು ಸುರಿಯಬೇಕಾಗುತ್ತದೆ.