ಬೇಸಿಗೆ ರಜೆಯಲ್ಲಿ ಕಾಡಿಗೆ ಹೋದ ನಮ್ಮ ಮಕ್ಕಳು

ನಮ್ಮ ವರ್ತಕ ಮನೆತನಗಳಲ್ಲಿ ಬೇಸಿಗೆ ರಜೆ ಬಂತೆಂದರೆ ಗಂಡುಮಕ್ಕಳು ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂರುವುದು, ಹೆಣ್ಣುಮಕ್ಕಳು ಅಜ್ಜಿಯ ಊರಿಗೆ ಹೋಗಿ ಹಪ್ಪಳ ಸಂಡಿಗೆಗೆ ಕೈಜೋಡಿಸುವುದು ಹಿಂದಿನಿಂದ ಬಂದ ಪದ್ಧತಿ. ಎಂ.ಎಸ್‌ಸಿ. ಓದುವ ಮಗಳು ಒಂದು ದಿನ ‘ಅಪ್ಪಾಜಿ, ಈ ರಜೆಯಲ್ಲಿ ಕಾಡಿನಲ್ಲಿ ತರಬೇತಿ ಇದೆ’ ಎಂದರೆ ಹಿರಿಯರು ಏನೆನ್ನಬೇಕು? ಹೊಸೂರು, ಕೃಷ್ಣಗಿರಿ ಕಡೆಯ ಮೂರು ಮನೆಗಳಲ್ಲಿ 2024ರ ಬೇಸಿಗೆಯಲ್ಲಿ ಈ ಪ್ರಶ್ನೆ ಎದ್ದಿತು. ಆ ವರ್ಷದ ದೀಪಾವಳಿಗೆ ಮುಂಚೆ ನಾವು ಆ ಮೂವರು ವಿದ್ಯಾರ್ಥಿಗಳನ್ನೂ ಅವರ ಮನೆಯವರನ್ನೂ ಕಂಡು ಮಾತನಾಡಿಸಿ ಬಂದೆವು. ಹೆಸರು ಹಾಕುವುದು ಬೇಡ ಎಂದು ಮೂವರೂ ಕೇಳಿಕೊಂಡರು. ಅದರಂತೆ ನಡೆದುಕೊಂಡಿದ್ದೇವೆ.

ಹೊಸೂರೆಂದರೆ ಕಾರ್ಖಾನೆ, ಗುಲಾಬಿ ತೋಟ, ಬೆಂಗಳೂರಿನ ರಸ್ತೆ ಇಷ್ಟೇ ಎಂದು ತಿಳಿದವರು ನಮ್ಮಲ್ಲಿ ಹೆಚ್ಚು. ಆದರೆ ತಳಿ, ಜವಳಗಿರಿ, ದೇಂಕಣಿಕೋಟೆ, ಅಂಚೆಟ್ಟಿಗಳ ಆಚೆಗೆ ಕಾವೇರಿಯವರೆಗೂ ಕಾಡು ಹಬ್ಬಿದೆ. ತಮಿಳುನಾಡು ಸರ್ಕಾರ 2014ರಲ್ಲಿ ಕಾವೇರಿ ಉತ್ತರ ವನ್ಯಧಾಮವನ್ನೂ 2022ರಲ್ಲಿ ಸುಮಾರು 686 ಚದರ ಕಿಲೋಮೀಟರಿನ ಕಾವೇರಿ ದಕ್ಷಿಣ ವನ್ಯಧಾಮವನ್ನೂ ಘೋಷಿಸಿತು. ಇತ್ತ ಬನ್ನೇರುಘಟ್ಟದ ಕಾಡೂ ಇದಕ್ಕೇ ಕೂಡಿಕೊಂಡಿದೆ. ಆನೆಗೆ ಕರ್ನಾಟಕ ಯಾವುದು, ತಮಿಳುನಾಡು ಯಾವುದು? ಮಳೆ ಮುಗಿದು ರಾಗಿ ತೆನೆ ಕಟ್ಟುವ ಹೊತ್ತಿಗೆ ಹಿಂಡುಗಳು ಬನ್ನೇರುಘಟ್ಟದ ಕಡೆಯಿಂದ ಜವಳಗಿರಿಗೆ ಇಳಿದು, ತಳಿ, ದೇಂಕಣಿಕೋಟೆ ದಾಟಿ ಹೊಸೂರಿನ ಪಕ್ಕದ ಸಾನಮಾವಿನ ಕಾಡಿನವರೆಗೂ ಬರುತ್ತವೆ.

ಬೇಟೆಗಾರ ಕೆನೆತ್ ಆ್ಯಂಡರ್ಸನ್ 1954ರಲ್ಲಿ ಪ್ರಕಟಿಸಿದ ತನ್ನ ಪುಸ್ತಕದಲ್ಲಿ ಜವಳಗಿರಿಯ ನರಭಕ್ಷಕ ಹುಲಿಯ ಕಥೆ ಬರೆದದ್ದು ಈ ಕಾಡನ್ನು ಕುರಿತೇ. ಇಂದು ಅದೇ ಹೆಸರಿನ ಸಂಘವೊಂದು ಇಲ್ಲಿ ಪ್ರಾಣಿಗಳ ರಕ್ಷಣೆಗೆ ದುಡಿಯುತ್ತಿದೆ. ಬಂದೂಕು ಹಿಡಿದವನ ಹೆಸರು ಕೊನೆಗೆ ಅಭಯದಾನದ ಕೆಲಸಕ್ಕೆ ಬಂದದ್ದನ್ನು ಕೇಳಿ ನಮಗೆ ಸಂತೋಷವೇ ಆಯಿತು.

ಮೂವರಲ್ಲಿ ಒಬ್ಬಾಕೆ ಹೊಸೂರಿನ ಹಾರ್ಡ್‌ವೇರ್ ಅಂಗಡಿಯವರ ಮಗಳು. ಅವಳ ತರಬೇತಿ ಮೊದಲಾದದ್ದು ಆನೆಗಣತಿಯಿಂದ. 2024ರ ಮೇ 23ರಿಂದ 25ರವರೆಗೆ ದಕ್ಷಿಣದ ರಾಜ್ಯಗಳು ಒಂದೇ ಕಾಲಕ್ಕೆ ಗಣತಿ ನಡೆಸಿದವು. ಮೊದಲ ದಿನ ಗೊತ್ತುಮಾಡಿದ ತುಂಡುಕಾಡಿನಲ್ಲಿ ನಡೆದು ಕಂಡ ಆನೆಗಳನ್ನು ಬರೆದುಕೊಳ್ಳುವುದು. ಎರಡನೆಯ ದಿನ ನೇರ ಗೆರೆಯಂಥ ದಾರಿಯಲ್ಲಿ ಸಾಗಿ ಎರಡು ಬದಿಯ ಲದ್ದಿ ಎಣಿಸುವುದು. ಮೂರನೆಯ ದಿನ ನೀರಿನ ಕುಂಟೆಯ ಬಳಿ ಬೆಳಗಿನಿಂದ ಸಂಜೆಯವರೆಗೆ ಸದ್ದಿಲ್ಲದೆ ಕಾಯುವುದು. ತಮಿಳುನಾಡಿನ ಒಟ್ಟು ಲೆಕ್ಕ 3,063 ಎಂದು ಆಮೇಲೆ ಪ್ರಕಟವಾಯಿತು.

ಲದ್ದಿ ಎಣಿಸುವ ವಿಷಯ ಹೇಳುವಾಗ ಆಕೆಗೆ ನಗು. ತಲೆ ತಗ್ಗಿಸಿ, ಮುಂದಿನ ನಾಲ್ಕು ಹೆಜ್ಜೆಯ ನೆಲವನ್ನು ನೋಡುತ್ತ ನಿಧಾನವಾಗಿ ನಡೆಯಬೇಕು. ‘ನಮ್ಮಜ್ಜಿ ನೋಡಿದ್ದರೆ ಮೊಮ್ಮಗಳು ಈರ್ಯಾಸಮಿತಿ ಪಾಲಿಸುತ್ತಿದ್ದಾಳೆ ಎಂದು ಆರತಿ ಎತ್ತುತ್ತಿದ್ದರು’ ಎಂದಳು. ಊಟದ ಪಾಡು ಮಾತ್ರ ನಗುವಿನದಾಗಿರಲಿಲ್ಲ. ಶಿಬಿರದಲ್ಲಿ ಸಾರಿಗೆ ಈರುಳ್ಳಿ ಬೀಳುತ್ತಿತ್ತು. ಕೆಲಸ ಮುಗಿಸಿ ಬರುವಷ್ಟರಲ್ಲಿ ಸೂರ್ಯ ಮುಳುಗಿರುತ್ತಿದ್ದ. ಮೊದಲ ವಾರ ಅವಲಕ್ಕಿ, ಬೆಲ್ಲ, ಬಾಳೆಹಣ್ಣಿನಲ್ಲೇ ಕಳೆದಳಂತೆ. ಕೊನೆಗೆ ಶಿಬಿರದ ಅಡುಗೆಯಾಕೆ ತಾನಾಗಿಯೇ ಸಂಜೆ ಐದಕ್ಕೆ ಒಂದು ಮುದ್ದೆ, ಬರೀ ಅವರೆಬೇಳೆ ಸಾರು ಬೇರೆ ತೆಗೆದಿಡತೊಡಗಿದಳು. ವ್ರತವನ್ನು ಬಿಡದೆ ಹೊರಗೆ ಹೋಗಿ ಕಲಿಯಲು ಸಾಧ್ಯವೇ ಎಂದು ಚಿಂತಿಸುವ ತಾಯಂದಿರಿಗಾಗಿ ಇದನ್ನು ಬರೆದಿದ್ದೇವೆ.

ಉಳಿದಿಬ್ಬರ ಮಾತನ್ನು ಚುಟುಕಾಗಿ ಹೇಳಿಬಿಡುತ್ತೇವೆ. ಕೃಷ್ಣಗಿರಿಯ ಜವಳಿ ಅಂಗಡಿಯವರ ಮಗ ಕೆಲವರಪಳ್ಳಿ ಜಲಾಶಯದ ನೀರಿನ ಮಾದರಿ ಸಂಗ್ರಹಿಸುವ ಕೆಲಸದಲ್ಲಿದ್ದ. ನಂದಿಬೆಟ್ಟದ ಕಡೆ ಹುಟ್ಟುವ ದಕ್ಷಿಣ ಪಿನಾಕಿನಿ ಬೆಂಗಳೂರಿನ ಕೊಳೆಯನ್ನೆಲ್ಲ ಹೊತ್ತು ಇಲ್ಲಿಗೆ ಬರುತ್ತದೆ. ಅಣೆಕಟ್ಟೆಯಿಂದ ನೀರು ಬಿಟ್ಟಾಗ ಸೋಪಿನ ನೊರೆ ಆಳೆತ್ತರ ಏಳುತ್ತದೆ. ‘ಮನೆಯಲ್ಲಿ ಅಮ್ಮ ನೀರನ್ನು ಬಟ್ಟೆಯಲ್ಲಿ ಗಾಳಿಸಿಯೇ ಕೊಡುತ್ತಾರೆ. ಆ ಬಟ್ಟೆ ಜೀವಿಗಳನ್ನು ತಡೆಯುತ್ತದೆ. ನಾವೇ ನದಿಗೆ ಬೆರೆಸಿದ್ದನ್ನು ಯಾವ ಬಟ್ಟೆ ತಡೆಯುತ್ತದೆ?’ ಎಂದು ಕೇಳಿದ. ಹಾಸನದ ಕಡೆಯಿಂದ ಬಂದಿದ್ದ ಮೂರನೆಯವನು ಮುಚ್ಚುಮರೆಯಿಲ್ಲದೆ ಹೇಳಿದ: ಬಿಸಿಲು, ಉಣ್ಣೆ, ರಾತ್ರಿಯೆಲ್ಲ ಕಂಪ್ಯೂಟರಿಗೆ ಅಂಕಿ ತುಂಬಿಸುವುದು, ಇದು ತನಗಲ್ಲ, ಓದು ಮುಗಿಸಿ ಅಡಿಕೆ ವ್ಯಾಪಾರಕ್ಕೇ ಸೇರುತ್ತಾನೆ. ಅದೂ ಒಂದು ಕಲಿಕೆಯೇ ಅಲ್ಲವೆ.

ಹಾರ್ಡ್‌ವೇರ್ ಅಂಗಡಿಯ ಮಗಳ ಕಥೆಗೆ ಮರಳೋಣ. ಗಣತಿಯ ನಂತರ ಅವಳಿಗೆ ಒಪ್ಪಿಸಿದ್ದು ಕಾಡಂಚಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಬೆಳೆ ನಷ್ಟ ವಿಚಾರಿಸುವ ಕೆಲಸ. ಅಲ್ಲಿ ತಮಿಳು, ತೆಲುಗು, ಕನ್ನಡ ಮೂರೂ ನಡೆಯುತ್ತವೆ. ಅಂಗಡಿಯಲ್ಲಿ ಗಿರಾಕಿಗಳೊಡನೆ ಆಡಿ ಕಲಿತ ಅವಳ ಕನ್ನಡ ಹಟ್ಟಿಗಳಲ್ಲಿ ಬಾಗಿಲು ತೆರೆಯಿತು. ಒಂದು ಸಂಜೆ ಜಗಲಿಯ ಮೇಲೆ ಕೂತು ಮುದುಕ ರೈತನೊಬ್ಬನ ಲೆಕ್ಕ ಬರೆದುಕೊಳ್ಳುತ್ತಿದ್ದಳು. ಎರಡು ವರ್ಷ ರಾಗಿ ಆನೆಯ ಪಾಲಾಗಿತ್ತು. ಅಟ್ಟಣೆಯ ಮೇಲೆ ರಾತ್ರಿ ಕಾದು, ತಮಟೆ ಬಡಿದು, ಪಟಾಕಿ ಹೊಡೆದು ಮಗನ ಆರೋಗ್ಯವೂ ಕೆಟ್ಟಿತ್ತು. ‘ಹಂಗಾದ್ರೆ ಬೇಲಿಗೆ ಏನು ಮಾಡ್ತೀಯ ತಾತ?’ ಎಂದು ಕೇಳಿದಾಗ ಆತ ಒಳಗಿನಿಂದ ಜಿ.ಐ. ತಂತಿಯ ಸುರುಳಿ ತಂದು ತೋರಿಸಿ, ‘ಇದಕ್ಕೆ ಕರೆಂಟು ಕೊಡೋದು ತಾಯೀ. ನಿಮ್ಮ ಅಂಗಡೀದೇ’ ಎಂದನಂತೆ. ಅವಳು ಯಾರ ಮಗಳೆಂದು ಅವನಿಗೆ ಆಗಲೇ ಗೊತ್ತಾಗಿತ್ತು.

ಆ ರಾತ್ರಿ ಅವಳಿಗೆ ನಿದ್ರೆ ಬರಲಿಲ್ಲ. ಕಾರಣ, 2023ರ ಮಾರ್ಚ್‌ನಲ್ಲಿ ನೆರೆಯ ಧರ್ಮಪುರಿ ಜಿಲ್ಲೆಯ ಮಾರಂಡಹಳ್ಳಿಯ ಬಳಿ ಹೊಲಕ್ಕೆ ಕದ್ದು ಹಾಕಿದ್ದ ವಿದ್ಯುತ್ ಬೇಲಿಗೆ ತಗುಲಿ ಮೂರು ಹೆಣ್ಣಾನೆಗಳು ಒಟ್ಟಿಗೆ ಸತ್ತಿದ್ದವು. ಜೊತೆಗಿದ್ದ ಎರಡು ಮರಿಗಳು ಉಳಿದು, ಬಿದ್ದ ತಾಯಂದಿರನ್ನು ಬಿಟ್ಟು ಹೋಗಲೊಲ್ಲದೆ ಅಲ್ಲೇ ಸುತ್ತುತ್ತಿದ್ದವು. ಹೊಲದವನು ಜೈಲಿಗೆ ಹೋದ. ಇದೇ ಧರ್ಮಪುರಿಯಲ್ಲಿ, ಆಗಿನ ತಗಡೂರಿನಲ್ಲಿ, ವರ್ತಕನೊಬ್ಬನ ಮಕ್ಕಳಾದ ನಿಧಿಯಣ್ಣ, ಚಂಡಿಯಣ್ಣ ಎಂಬವರು ಬಸದಿ ಕಟ್ಟಿಸಿದ್ದನ್ನು ನೊಳಂಬ ಮಹೇಂದ್ರನ ಕಾಲದ, ಕ್ರಿ.ಶ. 893ರ ಕನ್ನಡ ಶಾಸನ ಹೇಳುತ್ತದೆ. ಈ ಸೀಮೆಯಲ್ಲಿ ನಮ್ಮ ಅಂಗಡಿಗಳ ಇತಿಹಾಸ ಅಷ್ಟು ಹಳೆಯದು.

ವ್ಯತ್ಯಾಸವನ್ನು ವಿದ್ಯಾರ್ಥಿನಿ ನಮಗೆ ಬಿಡಿಸಿ ಹೇಳಿದಳು. ಸೌರಬೇಲಿಯ ಯಂತ್ರ ಬ್ಯಾಟರಿಯಿಂದ ನಡೆಯುತ್ತದೆ. ಸೆಕೆಂಡಿಗೊಮ್ಮೆ, ಕಣ್ಣೆವೆ ಇಕ್ಕುವುದಕ್ಕಿಂತ ಎಷ್ಟೋ ಕಡಿಮೆ ಹೊತ್ತು ಮಾತ್ರ ಹೊಡೆತ ಕೊಟ್ಟು ಬಿಡುತ್ತದೆ. ಪ್ರಾಣಿ ಬೆಚ್ಚಿ ಹಿಂದೆ ಸರಿಯುತ್ತದೆ, ಸಾಯುವುದಿಲ್ಲ. ಮನೆಯ ಲೈನಿನಿಂದ ನೇರ ಎಳೆದ 230 ವೋಲ್ಟ್ ಬಿಡುವುದಿಲ್ಲ. ಆನೆಯಾಗಲಿ, ಹಸುವಾಗಲಿ, ಕತ್ತಲಲ್ಲಿ ಹೊಲಕ್ಕೆ ಹೋದ ಸ್ವಂತ ಮಗನಾಗಲಿ, ಮುಟ್ಟಿದವರಿಗೆಲ್ಲ ಒಂದೇ ಗತಿ. ಮೀಸಲು ಅರಣ್ಯದ ಹತ್ತಿರ ವಿದ್ಯುತ್ ಬೇಲಿ ಹಾಕುವವರು ಅನುಮತಿ ಪಡೆದು ನೋಂದಾಯಿಸಬೇಕೆಂದು ತಮಿಳುನಾಡು 2023ರಲ್ಲಿ ನಿಯಮ ಮಾಡಿತು.

ಮನೆಗೆ ಬಂದ ಮಗಳು ತಂದೆಯ ಮುಂದೆ ವಿಷಯ ಇಟ್ಟಳು. ತಂದೆ ಮೊದಲು ಸಿಟ್ಟಾದರು. ಅದನ್ನು ಅವರೇ ನಮ್ಮೊಡನೆ ಒಪ್ಪಿಕೊಂಡರು. ‘ನೀವೇ ಹೇಳಿ ಸ್ವಾಮಿ, ಟೊಮ್ಯಾಟೊ ಗಿಡ ಎತ್ತಿ ಕಟ್ಟೋಕೂ ಅದೇ ತಂತಿ, ಹುರುಳಿಕಾಯಿ ಬಳ್ಳಿಗೂ ಅದೇ ತಂತಿ. ಒಬ್ಬೊಬ್ಬ ಗಿರಾಕಿಯನ್ನೂ ಯಾತಕ್ಕೆ ಒಯ್ಯುತ್ತೀಯ ಅಂತ ಕೇಳೋಕಾಗುತ್ತದೆಯೆ? ಕೇಳಿದರೆ ಪಕ್ಕದಂಗಡಿಗೆ ಹೋಗುತ್ತಾನೆ.’ ಈ ಮಾತನ್ನು ತಳ್ಳಿಹಾಕುವಂತಿಲ್ಲ. ನಮ್ಮ ಓದುಗರಲ್ಲಿ ಅನೇಕರು ಇದನ್ನೇ ಹೇಳುತ್ತಿದ್ದರು.

ಮಗಳ ಉತ್ತರವೂ ಶಾಸ್ತ್ರವನ್ನೇ ಹಿಡಿದು ಬಂತು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಬಗೆಗಳಲ್ಲಿ ಹಿಂಸಾದಾನವನ್ನು ಎಣಿಸಿದ್ದಾರೆ: ಕೊಡಲಿ, ಕತ್ತಿ, ಗುದ್ದಲಿ, ಬೆಂಕಿ, ಸಂಕೋಲೆಯಂಥ ಹಿಂಸೆಗೆ ಒದಗುವ ವಸ್ತುಗಳನ್ನು ಇನ್ನೊಬ್ಬರ ಕೈಗೆ ಕೊಡುವುದು. ಶ್ವೇತಾಂಬರ ಪರಂಪರೆಯ ಹದಿನೈದು ಕರ್ಮಾದಾನಗಳಲ್ಲಿ ದಂತವಾಣಿಜ್ಯ, ಕಾಡು ಕಡಿಯುವ ಕಸುಬು ಎರಡೂ ಇವೆ. ತಂದೆ ಕೂಡಲೆ, ‘ಗುದ್ದಲಿ ಮಾರದೆ ರೈತ ಬದುಕುವುದು ಹೇಗೆ? ಬೆಳೆ ಕಾಯುವುದು ವಿರೋಧೀ ಹಿಂಸೆ, ಗೃಹಸ್ಥನಿಗೆ ಅದು ತಪ್ಪದು’ ಎಂದರು. ಮಗಳು, ‘ತಂತಿ ಕಟ್ಟಿ ಮಲಗಿದವನಿಗೆ ಎದುರಾಳಿ ಯಾರೆಂದೇ ಗೊತ್ತಿಲ್ಲವಲ್ಲ ಅಪ್ಪಾಜಿ’ ಎಂದಳು. ಇಬ್ಬರ ವಾದ ಎರಡು ವಾರ ನಡೆಯಿತೆಂದು ತಾಯಿ ಹೇಳಿದರು. ಬಸದಿಯಲ್ಲಿ ಪಂಡಿತರನ್ನು ಕೇಳಿದರೆ ಅವರೂ ಕೂಡಲೆ ತೀರ್ಪು ಕೊಡಲಿಲ್ಲವಂತೆ. ತಿಳಿದೂ ಕೊಡುವುದು, ತಿಳಿಯದೆ ಕೊಡುವುದು ಒಂದೇ ಅಲ್ಲ ಎಂದಷ್ಟೇ ಹೇಳಿದರಂತೆ. ನಮಗೆ ತೋಚುವಂತೆ, ಮಗಳು ಜಗಲಿಯಲ್ಲಿ ಆ ಸುರುಳಿಯನ್ನು ನೋಡಿದ ಮೇಲೆ ಆ ಮನೆಗೆ ‘ತಿಳಿಯದೆ’ ಎಂಬ ದಾರಿ ಮುಚ್ಚಿತು.

ತಂತಿ ಮಾರುವುದನ್ನು ಅವರು ನಿಲ್ಲಿಸಿಲ್ಲ. ಅದರ ಪಕ್ಕದಲ್ಲೇ ಸೌರಬೇಲಿಯ ಯಂತ್ರ ತರಿಸಿಟ್ಟಿದ್ದಾರೆ. ಲಾಭ ತೀರ ಕಡಿಮೆ, ರಿಪೇರಿಯ ತಲೆನೋವು ಬೇರೆ. ಲೈನಿನಿಂದ ಕರೆಂಟು ಕೊಟ್ಟರೆ ಜೀವಹಾನಿ, ಜೈಲು ಎಂಬ ಬೋರ್ಡನ್ನು ಮಗಳು ಮೂರು ಭಾಷೆಯಲ್ಲಿ ಬರೆದು ಗಲ್ಲಾದ ಮೇಲೆ ತೂಗುಹಾಕಿದ್ದಾಳೆ. ಅದನ್ನು ಓದಿ ಇಬ್ಬರು ಹಳೆಯ ಗಿರಾಕಿಗಳು ಮಾತಿಲ್ಲದೆ ಹೊರಟುಹೋದರು. ಅವರು ತಂತಿ ಕೊಂಡದ್ದು ಪಕ್ಕದ ಬೀದಿಯಲ್ಲಿ ಎಂಬುದೂ ಇವರಿಗೆ ಗೊತ್ತು.

ನಾವು ಹೋದ ದಿನ ಮಹಾವೀರಸ್ವಾಮಿಯ ನಿರ್ವಾಣೋತ್ಸವಕ್ಕೆ ಹೊಸ ಖಾತೆಪುಸ್ತಕಗಳು ಬಂದಿದ್ದವು. ಗೋಡೆಯ ಮೇಲೆ ಆನೆಯ ಲಾಂಛನದ ಅಜಿತನಾಥ ತೀರ್ಥಂಕರರ ಪಟ. ತಂದೆ ಹಳೆಯ ಪುಸ್ತಕದ ಬಾಕಿಗಳನ್ನು ಮಗಳಿಂದ ಓದಿಸಿ ಹೊಸದಕ್ಕೆ ಇಳಿಸುತ್ತಿದ್ದರು. ಜಗಲಿಯ ಮುದುಕನ ಹೆಸರೂ ಬಂತು. ಆತ ತಂತಿಯ ಸುರುಳಿಯನ್ನು ಇಟ್ಟುಕೊಂಡೇ ಸೌರಯಂತ್ರವನ್ನು ಕಂತಿನ ಮೇಲೆ ಒಯ್ದಿದ್ದಾನೆ. ಎರಡು ಕಂತು ಸಂದಿದೆ. ಮೂರನೆಯದರ ಎದುರು ‘ರಾಗಿ ಮನೆಗೆ ಬಂದ ಮೇಲೆ’ ಎಂದು ಬರೆದಿತ್ತು.