ಮಜ್ಜಿಗೆಗೂ ಮೊದಲು ನೀರು

ಮಕ್ಕಳ ಹೊಟ್ಟೆಗೆ ‘ಒಳ್ಳೆಯ ಬ್ಯಾಕ್ಟೀರಿಯಾ’ ಬೇಕೆಂಬ ಮಾತನ್ನು ಜಾಹೀರಾತುಗಳು ಗುಂಡ್ಲುಪೇಟೆ ತಾಲ್ಲೂಕಿನ ಬೇಗೂರಿನಂಥ ಹೋಬಳಿ ಊರಿಗೂ ಮುಟ್ಟಿಸಿವೆ. ತಕ್ಕಷ್ಟು ಪ್ರಮಾಣದಲ್ಲಿ ಸೇವಿಸಿದಾಗ ಆರೋಗ್ಯಕ್ಕೆ ಅನುಕೂಲ ಮಾಡುವ ಜೀವಂತ ಸೂಕ್ಷ್ಮಾಣುಗಳೇ ಪ್ರೋಬಯಾಟಿಕ್ ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಆರೋಗ್ಯ ಸಂಸ್ಥೆಗಳ ತಜ್ಞರು 2001ರಲ್ಲಿ ಹೇಳಿದರು. ಗುಂಡ್ಲುಪೇಟೆ, ಚಾಮರಾಜನಗರಗಳ ಇಕ್ಕಟ್ಟಾದ ಕಾಲೊನಿಗಳಲ್ಲಿ ದಿನಗೂಲಿಯ ಮೇಲೆ ಬದುಕುವ ತಾಯಿ ಪ್ರೋಬಯಾಟಿಕ್ ಪೇಯದ ಪುಟ್ಟ ಬಾಟಲಿಗೆ ದುಡ್ಡು ಹಾಕಬೇಕೇ? ಬೇಡ ಎಂಬುದು ನನ್ನ ವಾದ. ಮಗುವಿಗೆ ಮೊಸರನ್ನ ಸಿಗಲಿ. ಆದರೆ ಮೊಸರಾಗಲಿ ಬಾಟಲಿಯಾಗಲಿ ನಲ್ಲಿ ನೀರು ಮಾಡಬೇಕಾದ ಕೆಲಸವನ್ನು ಮಾಡೀತೆಂದು ಯಾರೂ ನಂಬಬಾರದು.

ಈ ಮಾತಿಗೆ ಬಲವಾದ ಆಧಾರ ಕೋಲ್ಕತ್ತದ ಕೊಳೆಗೇರಿಯೊಂದರಲ್ಲಿ ನಡೆದ ಪ್ರಯೋಗ. ಅಲ್ಲಿ ಒಂದರಿಂದ ಐದು ವರ್ಷದ 3,758 ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ 12 ವಾರ ಪ್ರೋಬಯಾಟಿಕ್ ಪೇಯ, ಉಳಿದವರಿಗೆ ಬ್ಯಾಕ್ಟೀರಿಯಾ ಇಲ್ಲದ ಪೇಯ ಕೊಟ್ಟು, ಮುಂದಿನ 12 ವಾರವೂ ನಿಗಾ ಇಟ್ಟರು. 2011ರಲ್ಲಿ ಪ್ರಕಟವಾದ ಫಲಿತಾಂಶದಂತೆ ಭೇದಿ ಕಾಣಿಸಿಕೊಂಡ ಮಕ್ಕಳು ಮೊದಲ ಗುಂಪಿನಲ್ಲಿ 608, ಎರಡನೆಯದರಲ್ಲಿ 674. ರಕ್ಷಣೆ ಶೇ 14. ಇದು ಸುಳ್ಳಲ್ಲ, ತೀರಾ ಅಲ್ಪವೂ ಅಲ್ಲ. ಆದರೆ ದಿನವೂ ಬಾಟಲಿ ಕುಡಿದ ಆರುನೂರಕ್ಕೂ ಹೆಚ್ಚು ಮಕ್ಕಳಿಗೆ ಭೇದಿ ಆಗಿಯೇ ತೀರಿತು ಎನ್ನುವುದನ್ನು ಜಾಹೀರಾತು ಹೇಳುವುದಿಲ್ಲ. ಚರಂಡಿ ಪಕ್ಕದ ಕೊಳಾಯಿಯಿಂದ ರೋಗಾಣು ದಿನಾ ಒಳಬರುತ್ತಿದ್ದರೆ ಬಾಟಲಿಯ ಬ್ಯಾಕ್ಟೀರಿಯಾ ತಡೆಯುವುದು ಇಷ್ಟನ್ನೇ. ಒಡಿಶಾದ ಹಳ್ಳಿಗಳ ನಾಲ್ಕೂವರೆ ಸಾವಿರಕ್ಕೂ ಹೆಚ್ಚು ನವಜಾತ ಶಿಶುಗಳ ಅಧ್ಯಯನ (2017) ಇನ್ನೂ ದೊಡ್ಡ ಫಲ ತೋರಿಸಿತಲ್ಲ ಎಂದು ಕೇಳಬಹುದು. ಹೌದು, ರಕ್ತದ ಸೋಂಕು ಮತ್ತು ಸಾವು ಸೇರಿ ಶೇ 40ರಷ್ಟು ತಗ್ಗಿದವು. ಆದರೆ ಅಲ್ಲಿ ಕೊಟ್ಟದ್ದು ಆರಿಸಿ ತೆಗೆದ ಒಂದೇ ತಳಿ, ಒಂದು ವಾರದ ಔಷಧಿಯಂತೆ. ಬೇರೆ ತಳಿಗಳನ್ನು ಅಮೆರಿಕ ಮತ್ತು ಕೆನಡಾದ ಆಸ್ಪತ್ರೆಗಳಲ್ಲಿ ಭೇದಿ ಹತ್ತಿದ ಮಕ್ಕಳಿಗೆ ಕೊಟ್ಟು ನೋಡಿದಾಗ (2018) ಪ್ರಯೋಜನವೇ ಕಾಣಲಿಲ್ಲ. ಒಂದು ತಳಿಯ ಗುಣವನ್ನು ಇನ್ನೊಂದಕ್ಕೆ ಅಂಟಿಸಿ ಮಾರುವಂತಿಲ್ಲ.

ಹಾಗಾದರೆ ಮನೆಯ ಮೊಸರಿಗೂ ಅದೇ ಮಾತು ಅನ್ವಯಿಸುತ್ತದಲ್ಲ? ಖಂಡಿತ. ಮನೆಯ ಹೆಪ್ಪಿನಲ್ಲಿ ಯಾವ ತಳಿ, ಎಷ್ಟಿದೆ ಎಂದು ಯಾರೂ ಎಣಿಸಿಲ್ಲ. ಕಟ್ಟುನಿಟ್ಟಿನ ಅರ್ಥದಲ್ಲಿ ಅದು ಪ್ರೋಬಯಾಟಿಕ್ ಅಲ್ಲ, ಬರಿಯ ಹುದುಗುಬಂದ ಆಹಾರ. ಇಡ್ಲಿ ಹಿಟ್ಟು ಉಬ್ಬಲು ಕಾರಣವಾದ ಬ್ಯಾಕ್ಟೀರಿಯಾ ಹಬೆಯಲ್ಲೇ ಸಾಯುತ್ತವೆ. ಅಂಬಲಿ ಆರಿದ ಮೇಲೆ ಬೆರೆಸಿದ ಮಜ್ಜಿಗೆಯಲ್ಲಾದರೆ ಬ್ಯಾಕ್ಟೀರಿಯಾ ಬದುಕಿರುತ್ತವೆ. ಆದರೂ ಮೊಸರಿನ ಪರ ವಾದಿಸುವುದು ಬ್ಯಾಕ್ಟೀರಿಯಾಕ್ಕಾಗಿ ಅಲ್ಲ, ಪ್ರೋಟೀನ್ ಮತ್ತು ಕ್ಯಾಲ್ಸಿಯಂಗಾಗಿ. ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4 ಮಂದಿ ವಯಸ್ಸಿಗೆ ತಕ್ಕ ಎತ್ತರ ಇಲ್ಲದವರು ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಇಂಥಲ್ಲಿ ಗಟ್ಟಿ ಮೊಸರು ಕಲಸಿದ ಅನ್ನವೋ ರಾಗಿಯೋ ಊಟವಾಗುತ್ತದೆ. ಹಾಲಿನ ಸಕ್ಕರೆ ಜೀರ್ಣವಾಗದ ಮಗುವಿಗೂ ಮೊಸರು ಸಾಮಾನ್ಯವಾಗಿ ಒಗ್ಗುತ್ತದೆ. ನೀರು ಮಜ್ಜಿಗೆ ಬೇರೆ ಸಂಗತಿ. ಅದು ಪುಟ್ಟ ಹೊಟ್ಟೆಯನ್ನು ತುಂಬಿಸುತ್ತದೆಯೇ ಹೊರತು ಪೋಷಿಸುವುದು ಕಡಿಮೆ, ಮೇಲಾಗಿ ಬೆರೆಸಿದ ನೀರು ಕಾಯಿಸಿ ಆರಿಸಿದ್ದಲ್ಲದಿದ್ದರೆ ರೋಗವೂ ಅದರ ಜೊತೆಗೇ ಬರುತ್ತದೆ.

ಕೊಂಡ ಅರ್ಧ ಲೀಟರ್ ಹಾಲು ಕಾಫಿ, ಟೀಗೇ ಮುಗಿಯುವ ಮನೆಯಲ್ಲಿ ಮೊಸರೆಲ್ಲಿಂದ ಬರಬೇಕು? ಇದು ನಿಜವಾದ ಆಕ್ಷೇಪ. ತಾಯಂದಿರಿಗೆ ಬುದ್ಧಿ ಹೇಳುವುದರಿಂದ ಇದು ಬಗೆಹರಿಯುವುದಿಲ್ಲ, ಅಂಗನವಾಡಿಯಿಂದ ಬಗೆಹರಿದೀತು. 2013ರಿಂದ ನಡೆಯುತ್ತಿರುವ ಕ್ಷೀರಭಾಗ್ಯ ಯೋಜನೆಯಲ್ಲಿ ಅಂಗನವಾಡಿಯ ಮಗುವಿಗೆ 150 ಮಿ.ಲೀ. ಹಾಲು ಸಿಗುತ್ತಿದೆ, ಚಾಮರಾಜನಗರ ಜಿಲ್ಲೆಯ ಕುದೇರಿನಲ್ಲಿ ಹಾಲು ಒಕ್ಕೂಟದ ಡೇರಿಯೇ ಇದೆ. ಅಂಗನವಾಡಿಯಲ್ಲಿ ಕೊಡುವ, ಪುಡಿಯಿಂದ ಮಾಡಿದ ಹಾಲೂ ಹೆಪ್ಪುಗಟ್ಟುತ್ತದೆ. ವಾರಕ್ಕೆ ಎರಡು ದಿನ ಹಾಲಿನ ಬದಲು ಮೊಸರನ್ನ ಕೊಟ್ಟರೆ ಹೆಚ್ಚುವರಿ ಖರ್ಚು ದೊಡ್ಡದಾಗಲಾರದು. ಫ್ರಿಜ್ ಇಲ್ಲದ ಕೇಂದ್ರದಲ್ಲಿ ಬೇಸಿಗೆಗೆ ಹುಳಿ ಹೆಚ್ಚಾಗುವುದು, ಕಾರ್ಯಕರ್ತೆಗೆ ಕೆಲಸ ಹೆಚ್ಚುವುದು ನಿಜ. ಹಿಂದಿನ ಸಂಜೆ ಹೆಪ್ಪು ಹಾಕಿ ಮಧ್ಯಾಹ್ನಕ್ಕೆ ಮುಗಿಸುವುದು, ಆ ಕೆಲಸಕ್ಕೆ ಕೂಲಿ ಸೇರಿಸುವುದು ಇದಕ್ಕೆ ಉತ್ತರ.

ಮೊಸರು ಶೀತ, ಕಫ ಎಂದು ಮಳೆಗಾಲದಲ್ಲಿ ನಿಲ್ಲಿಸುವ ಅಜ್ಜಿಯರೊಂದಿಗೆ ಜಗಳ ಬೇಡ. ತಣ್ಣಗಿಲ್ಲದ ಮೊಸರನ್ನು ಮಧ್ಯಾಹ್ನದ ಊಟಕ್ಕೆ ಕಲಸಿದರೆ ಅವರೂ ಒಪ್ಪುತ್ತಾರೆ. ಆರು ತಿಂಗಳೊಳಗಿನ ಕೂಸಿಗೆ ಮಾತ್ರ ಮೊಸರೂ ಬೇಡ, ಬಾಟಲಿಯೂ ಬೇಡ: ಕರುಳಿನ ಹಿತಕರ ಬ್ಯಾಕ್ಟೀರಿಯಾಗಳಿಗೆ ಬೇಕಾದ ವಿಶೇಷ ಸಕ್ಕರೆಗಳು ಎದೆಹಾಲಿನಲ್ಲೇ ಇವೆ. ಭೇದಿ ಶುರುವಾದ ದಿನದಿಂದಲೇ ಓಆರ್‌ಎಸ್ ಬೆರೆಸಿದ ನೀರು, 14 ದಿನ ಜಿಂಕ್, ಜೊತೆಗೆ ಎಂದಿನ ಊಟ ಬೇಕು. ಓಆರ್‌ಎಸ್ ಮತ್ತು ಜಿಂಕ್ ಆಶಾ ಕಾರ್ಯಕರ್ತೆಯ ಬಳಿ ಬಿಟ್ಟಿಯಾಗಿ ಸಿಗುತ್ತವೆ.